ಡಿಸ್ಚಾರ್ಜ್ ಆದ ಮೇಲಿನ ಮಧ್ಯಾಹ್ನಗಳು: ಉತ್ತರ ಬೆಂಗಳೂರಿನಲ್ಲಿ ಕೈಗೆಟುಕುವ ಕಲಾ ಚಿಕಿತ್ಸೆ ಎಲ್ಲಿದೆ?

ಮೇಖ್ರಿ ವೃತ್ತ ದಾಟಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಹೊರಟರೆ ಆಸ್ಪತ್ರೆಗಳಿಗೆ ಬರವಿಲ್ಲ. 1973ರಲ್ಲಿ ಶುರುವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಹೆಬ್ಬಾಳದಲ್ಲಿದೆ. ಅದರ ಆಚೀಚೆ ಕಳೆದ ಎರಡು ದಶಕಗಳಲ್ಲಿ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳು ಎದ್ದಿವೆ. ಮತ್ತಿಕೆರೆ, ಯಶವಂತಪುರದವರಿಗೆ ರಾಮಯ್ಯ ಆಸ್ಪತ್ರೆ ಹತ್ತಿರ, ಯಲಹಂಕದವರಿಗೆ ಸರ್ಕಾರಿ ಆಸ್ಪತ್ರೆ ಇದೆ. ಪಾರ್ಶ್ವವಾಯು ಬಡಿದರೂ ಎದೆನೋವು ಬಂದರೂ ಅಪಘಾತವಾದರೂ ಈ ಭಾಗದವರು ಈಗ ಊರಿನ ಇನ್ನೊಂದು ತುದಿಗೆ ಓಡಬೇಕಾಗಿಲ್ಲ. ಜೀವ ಉಳಿಯುತ್ತದೆ, ಮನುಷ್ಯ ಮನೆಗೆ ಬರುತ್ತಾನೆ.

ಕಷ್ಟ ಶುರುವಾಗುವುದು ಅಲ್ಲಿಂದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ, ಮತ್ತೆ ಯಾವಾಗ ಬರಬೇಕೆಂಬ ದಿನಾಂಕ ಇರುತ್ತದೆ, ಬಹಳವಾದರೆ ಫಿಸಿಯೊಥೆರಪಿ ಮುಂದುವರಿಸಿ ಎಂದೊಂದು ಸಾಲು ಇರುತ್ತದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಆ ಮನುಷ್ಯ ಏನು ಮಾಡಬೇಕು ಎಂಬುದರ ಬಗ್ಗೆ ಆ ಕಾಗದದಲ್ಲಿ ಏನೂ ಇರುವುದಿಲ್ಲ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದ್ದವರಿಗೆ ಮನೆಗೆ ಬಂದ ಮೇಲೂ ಕೆಟ್ಟ ಕನಸು ಬೀಳುತ್ತದೆ. ಕ್ಯಾನ್ಸರ್ ಚಿಕಿತ್ಸೆ ಮುಗಿದವರಿಗೆ ಪ್ರತಿ ಸಣ್ಣ ನೋವೂ ರೋಗ ಮರಳಿ ಬಂದಂತೆ ಕಾಣುತ್ತದೆ. ಮನೋರೋಗದ ವಾರ್ಡಿನಿಂದ ಬಂದವರಿಗೆ ನೆರೆಹೊರೆಯ ಮುಖ ನೋಡುವುದೇ ಕಷ್ಟ. ಇವರಲ್ಲಿ ಅನೇಕರಿಗೆ ಮಾತಿನ ಆಪ್ತಸಮಾಲೋಚನೆ ಒಗ್ಗುವುದಿಲ್ಲ. ಕೆಲವರಿಗೆ ಮಾತೇ ಹೋಗಿರುತ್ತದೆ, ಕೆಲವರಿಗೆ ಆಡಲು ಮನಸ್ಸಿಲ್ಲ, ಕೆಲವರಿಗೆ ಇಂಥದ್ದನ್ನು ಹೊರಗಿನವರ ಮುಂದೆ ಆಡುವ ರೂಢಿಯೇ ಇಲ್ಲ. ಅಂಥವರಿಗೆ ಕೈಯ ಮೂಲಕ, ಬಣ್ಣದ ಮೂಲಕ, ದಾರ ಮಣ್ಣಿನ ಮೂಲಕ ತೆರೆಯುವ ಬಾಗಿಲೊಂದಿದೆ. ಅದು ಇಲ್ಲಿ ಯಾರಿಗೆ, ಎಷ್ಟು ದುಡ್ಡಿಗೆ, ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದೇ ಈ ಬರಹದ ವಿಚಾರ.

ಮೊದಲು, ಕಲಾ ಚಿಕಿತ್ಸೆ ಎಂದರೆ ಡ್ರಾಯಿಂಗ್ ಕ್ಲಾಸ್ ಅಲ್ಲ. ಕ್ಲಾಸಿನಲ್ಲಿ ಚಿತ್ರ ಚೆನ್ನಾಗಿ ಬರಬೇಕು, ಇಲ್ಲಿ ಬರೆಯುವವರು ಸುಧಾರಿಸಬೇಕು. ಬಲಮಿದುಳಿಗೆ ಪೆಟ್ಟಾಗಿ ಎಡಗೈ ಸೋತ ಕೆಲವರಿಗೆ ಒಂದು ಗಡಿಯಾರ ಬರೆಯಿರಿ ಎಂದು ಹಾಳೆ ಕೊಟ್ಟರೆ ಹನ್ನೆರಡೂ ಅಂಕಿಗಳನ್ನು ಬಲ ಅರ್ಧದಲ್ಲೇ ಒತ್ತೊತ್ತಾಗಿ ತುರುಕಿಬಿಡುತ್ತಾರೆ. ಎಡ ಅರ್ಧ ಖಾಲಿ. ಕಣ್ಣಿಗೆ ಏನೂ ಆಗಿಲ್ಲ, ಮಿದುಳು ಆ ಬದಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ತಟ್ಟೆಯ ಎಡಭಾಗದ ಅನ್ನವನ್ನೂ ಅವರು ಹಾಗೆಯೇ ಬಿಟ್ಟು ಏಳುತ್ತಾರೆ. ತರಬೇತಾದ ಚಿಕಿತ್ಸಕಿ ಇದನ್ನು ನೋಡಿ ತಪ್ಪು ಎನ್ನುವುದಿಲ್ಲ. ಹಾಳೆಯ ಎಡ ಅಂಚಿಗೆ ದಪ್ಪನೆಯ ಕೆಂಪು ಗೆರೆ ಎಳೆದು, ಪ್ರತಿ ಸಲ ಆ ಗೆರೆ ಸಿಗುವವರೆಗೆ ನೋಟ ಹರಿಸಿ ಆಮೇಲೆ ಶುರುಮಾಡಿ ಎನ್ನುತ್ತಾಳೆ. ಒಂದೇ ಕೈಯಲ್ಲಿ ಬರೆಯುವಾಗ ಹಾಳೆ ಜಾರದಂತೆ ನಾಲ್ಕೂ ಮೂಲೆಗೆ ಟೇಪ್ ಅಂಟಿಸುತ್ತಾಳೆ. ಹಿಡಿತ ಸಾಲದ ಬೆರಳುಗಳಿಗಾಗಿ ಕ್ರೇಯಾನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾಳೆ. ಅರ್ಧ ತಾಸು ಕಳೆದ ಮೇಲೆ ಹಾಳೆಯಲ್ಲಿ ಮೂಡಿದ್ದು ಮನೆಯೋ ಮರವೋ ಬರೀ ಗೀಚೋ, ಅದಕ್ಕೊಂದು ಹೆಸರಿಡಿ ಎನ್ನುತ್ತಾಳೆ. ತಿಂಗಳುಗಟ್ಟಲೆ ಮನೆಯವರ ಮುಂದೆ ಬಾಯಿಬಿಡದ ಸಂಗತಿ ಆ ಹೆಸರಿನಲ್ಲಿ ಹೊರಬರುವುದುಂಟು. ಗೆರೆ, ಟೇಪು, ಬಟ್ಟೆ ಯಾವುದೂ ದುಬಾರಿಯಲ್ಲ. ದುಬಾರಿಯಾಗುವುದು ಯಾವಾಗ ಏನು ಮಾಡಬೇಕೆಂದು ಗೊತ್ತಿರುವ ಆ ವ್ಯಕ್ತಿಯ ಒಂದು ತಾಸು.

ಈ ವಿದ್ಯೆ ಹುಟ್ಟಿದ್ದೂ ಆಸ್ಪತ್ರೆಯ ಮಂಚದ ಮೇಲೆಯೇ. ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯ ತಗಲಿ ಸಸೆಕ್ಸ್‌ನ ಮಿಡ್‌ಹರ್ಸ್ಟ್ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದಾಗ ಹಾಸಿಗೆಯ ಪಕ್ಕದ ವಸ್ತುಗಳನ್ನು ಬರೆಯುತ್ತಾ ಹೊತ್ತು ಕಳೆದ. ಮುಂದೆ ಅಲ್ಲಿನ ಇತರ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಕುಂಚ ಹಿಡಿಸಿದ. 1942ರಲ್ಲಿ ಇದನ್ನು ಆರ್ಟ್ ಥೆರಪಿ ಎಂದು ಕರೆದವನು ಅವನೇ. 1964ರಲ್ಲಿ ಬ್ರಿಟನ್ನಿನಲ್ಲಿ, 1969ರಲ್ಲಿ ಅಮೆರಿಕದಲ್ಲಿ ಕಲಾ ಚಿಕಿತ್ಸಕರ ಸಂಘಗಳು ಹುಟ್ಟಿದವು. ಇಂದು ಬ್ರಿಟನ್ನಿನಲ್ಲಿ ಸರ್ಕಾರಿ ನೋಂದಣಿ ಇಲ್ಲದವರು ಆರ್ಟ್ ಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಳ್ಳುವಂತಿಲ್ಲ.

ಇದರಿಂದ ನಿಜಕ್ಕೂ ಉಪಯೋಗವಿದೆಯೇ? ದುಡ್ಡು ಖರ್ಚು ಮಾಡುವ ಮುನ್ನ ಕೇಳಲೇಬೇಕಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ವರದಿ ಪ್ರಕಟಿಸಿತು. ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ಅದು ಒಪ್ಪಿಕೊಂಡಿತು. ಕ್ಯಾನ್ಸರ್ ರೋಗಿಗಳಲ್ಲಿ ಆತಂಕ, ಖಿನ್ನತೆ ತುಸು ಇಳಿಯುವುದನ್ನು ಹಲವು ಪರಿಶೀಲನೆಗಳು ತೋರಿಸಿವೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ 2016ರಲ್ಲಿ 39 ಆರೋಗ್ಯವಂತ ವಯಸ್ಕರಿಗೆ 45 ನಿಮಿಷ ಕಲೆಯಲ್ಲಿ ತೊಡಗುವ ಅವಕಾಶ ಕೊಟ್ಟು ಪರೀಕ್ಷಿಸಿದಾಗ ನಾಲ್ವರಲ್ಲಿ ಮೂವರಿಗೆ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಕಡಿಮೆಯಾಗಿತ್ತು. ಚಿಕ್ಕ ಅಧ್ಯಯನ ಅದು, ಆದರೆ ಚಿತ್ರ ಬರೆಯಲು ಬಾರದವರಿಗೂ ಬರುವವರಷ್ಟೇ ಲಾಭವಾಗಿತ್ತು ಎಂಬುದು ಗಮನಿಸಬೇಕಾದ ಮಾತು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ದೊಡ್ಡ ಪ್ರಯೋಗವೂ ಇದೆ. ಮ್ಯಾಟಿಸ್ ಎಂಬ ಹೆಸರಿನ ಈ ಪ್ರಯೋಗ ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಮಂದಿಯ ಮೇಲೆ ನಡೆಯಿತು. ವಾರಕ್ಕೊಮ್ಮೆ ಗುಂಪಿನಲ್ಲಿ ಕಲಾ ಚಿಕಿತ್ಸೆ, ಒಂದು ವರ್ಷದವರೆಗೆ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗಲಕ್ಷಣಗಳಾಗಲಿ ದಿನನಿತ್ಯದ ನಿಭಾವಣೆಯಾಗಲಿ ಸುಧಾರಿಸಿರಲಿಲ್ಲ. ಕಲಾ ಚಿಕಿತ್ಸೆಯನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು. ಇದು ಮಾತ್ರೆಯ ಬದಲಿಗೆ ಬರುವ ವಸ್ತುವಲ್ಲ, ಬಿಟ್ಟುಬಿಡಿ ಮಾತ್ರೆ, ಬಣ್ಣ ಹಚ್ಚಿ ಎನ್ನುವವರ ಹತ್ತಿರ ಸುಳಿಯಲೂಬಾರದು. ಆ ವರದಿಯಲ್ಲಿ ಇನ್ನೂ ಒಂದು ಸಂಗತಿ ಇದೆ: ಗುಂಪಿಗೆ ಹೆಸರು ಹಚ್ಚಿದವರಲ್ಲಿ ಬಹುಪಾಲು ಜನ ಸರಿಯಾಗಿ ಬರುತ್ತಲೇ ಇರಲಿಲ್ಲ. ವಾರವಾರ ಬಂದು ಕೂರುವುದು ಕಾಯಿಲೆಯಲ್ಲಿ ಎಷ್ಟು ಕಷ್ಟ ಎಂಬುದಕ್ಕೆ ಇದು ಸಾಕ್ಷಿ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬೆಳಗಿನ ಒಂಬತ್ತಕ್ಕೆ ಸಿಕ್ಕಿಹಾಕಿಕೊಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಉತ್ತರ ಬೆಂಗಳೂರಿನ ಮಟ್ಟಿಗೆ ಕಲಾ ಚಿಕಿತ್ಸೆಯ ಮೊದಲ ತೊಡಕು ದೂರ, ದುಡ್ಡು ಎರಡನೆಯದು ಎಂದು ನನಗೆ ತೋರುತ್ತದೆ. ಎರಡನ್ನೂ ಒಟ್ಟಿಗೆ ನೋಡದೆ ಪರಿಹಾರ ಸಿಗದು.

ದುಡ್ಡಿನ ಲೆಕ್ಕ ಸರಳವಾಗಿದೆ. ಖಾಸಗಿಯಾಗಿ ಒಬ್ಬೊಬ್ಬರನ್ನೇ ನೋಡುವ ಚಿಕಿತ್ಸಕರು ತಾಸಿಗೆ ಸಾವಿರ ರೂಪಾಯಿಗಿಂತ ಕಡಿಮೆಗೆ ಸಿಗುವುದು ಅಪರೂಪ. ಒಂದೂವರೆ ಸಾವಿರ ಎಂದಿಟ್ಟುಕೊಂಡರೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರಕ್ಕೆ 18,000 ರೂಪಾಯಿ. ಆಸ್ಪತ್ರೆಯ ಬಿಲ್ಲು ಕಟ್ಟಲು ಆಗತಾನೇ ಒಡವೆ ಅಡವಿಟ್ಟ ಮನೆಗೆ ಇದು ಆಗುವ ಮಾತಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜುಗಳು ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ರೂಪಿಸಿದವು. ಮನೆಗೆ ಬಂದ ಮೇಲಿನ ಬಣ್ಣ ಕಾಗದಕ್ಕೆ ಅಲ್ಲಿ ಜಾಗವಿಲ್ಲ. ಖಾಸಗಿ ವಿಮೆಯಲ್ಲಿ ಡಿಸ್ಚಾರ್ಜ್ ನಂತರದ 60 ಅಥವಾ 90 ದಿನಗಳ ವೆಚ್ಚ ಭರಿಸುವ ಷರತ್ತು ಸಾಮಾನ್ಯವಾಗಿ ಇರುತ್ತದೆ, ಆದರೆ ಅದು ಔಷಧ, ಪರೀಕ್ಷೆ, ವೈದ್ಯರ ಶುಲ್ಕಕ್ಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಮನೋರೋಗವನ್ನು ದೈಹಿಕ ಕಾಯಿಲೆಗೆ ಸಮನಾಗಿ ವಿಮೆಗೆ ಒಳಪಡಿಸಬೇಕು ಎಂಬ ನಿಯಮವೇನೋ ಇದೆ. ಅದರ ಬಲದ ಮೇಲೆ ವೈದ್ಯರ ಚೀಟಿಯೊಂದಿಗೆ ಒಮ್ಮೆ ಕ್ಲೇಮ್ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ಫೀಸು ಕಟ್ಟಬಾರದು.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಎಲ್ಲಿ ಸಿಗುತ್ತದೆ? ಕಲಾ ಚಿಕಿತ್ಸೆ ಎಂಬ ಬೋರ್ಡು ಹುಡುಕುತ್ತಾ ಹೋದವರಿಗೆ ಬೆಂಗಳೂರಿನಲ್ಲಿ ಸಿಗುವುದು ಹೆಚ್ಚಾಗಿ ದುಬಾರಿ ಬಾಗಿಲುಗಳೇ. ಅಗ್ಗದ ಬಾಗಿಲುಗಳ ಮೇಲೆ ಬೇರೆ ಬೋರ್ಡುಗಳಿವೆ: ಆಕ್ಯುಪೇಷನಲ್ ಥೆರಪಿ, ಸೈಕಿಯಾಟ್ರಿಕ್ ರಿಹ್ಯಾಬಿಲಿಟೇಷನ್, ಡೇ ಕೇರ್, ಪ್ಯಾಲಿಯೇಟಿವ್ ಕೇರ್. ಇವುಗಳೊಳಗೆ ಕೈಕೆಲಸ, ಚಿತ್ರ, ಹಾಡು, ತೋಟಗಾರಿಕೆ ಮೊದಲಿನಿಂದಲೂ ಬೇರೆ ಬೇರೆ ಪ್ರಮಾಣದಲ್ಲಿ ನಡೆದುಬಂದಿವೆ.

ದೊಡ್ಡ ಹೆಸರು ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ, 1954ರಲ್ಲಿ ಬಂದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ಅಲ್ಲಿನ ಮನೋಸಾಮಾಜಿಕ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮರಗೆಲಸ, ಮುದ್ರಣ, ತೋಟಗಾರಿಕೆ ಎಂದು ಹಲವು ಕೈಕೆಲಸದ ಘಟಕಗಳಿವೆ. ಗುಣಮುಖರಾಗುತ್ತಿರುವವರೇ ಕೆಲಸ ಮಾಡುವ ರೋಸಸ್ ಎಂಬ ಕೆಫೆಯೂ ಆವರಣದಲ್ಲಿ ಶುರುವಾಯಿತು. ಬೇಕರಿ ಕಲಾ ಚಿಕಿತ್ಸೆಯೇ ಎಂದು ಕೇಳಬಹುದು. ಕಟ್ಟುನಿಟ್ಟಾಗಿ ಅಲ್ಲ. ಆದರೆ ಕೈಗೆ ಕೆಲಸ, ದಿನಕ್ಕೊಂದು ಕ್ರಮ, ಜೊತೆಗೆ ನಾಲ್ಕು ಜನ, ಮಾಡಿ ಮುಗಿಸಿದ ಒಂದು ವಸ್ತು, ಅದನ್ನು ಗಮನಿಸುವ ತಜ್ಞರು ಈ ಐದೂ ಅಲ್ಲಿವೆ. ಆಸ್ಪತ್ರೆಯಿಂದ ಬಂದವರಿಗೆ ಬೇಕಾದ್ದರಲ್ಲಿ ಹೆಚ್ಚಿನ ಪಾಲು ಇದೇ. ಬಿಪಿಎಲ್ ಕಾರ್ಡು ಇರುವವರಿಗೆ ಅಲ್ಲಿ ಖರ್ಚು ಬಹಳ ಕಡಿಮೆ.

ತೊಡಕು ದಾರಿಯದ್ದು. ಯಲಹಂಕದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತವಾದದ್ದು ಈ ವಿಷಯದಲ್ಲಿ ನಿಜವಾದ ನೆರವು. ರೋಗಿಯೂ ಜೊತೆಗೆ ಹೋಗುವವರೂ ಹೆಂಗಸರಾದರೆ ಪ್ರಯಾಣದ ಖರ್ಚು ಸೊನ್ನೆ. ಯಶವಂತಪುರದವರು ಹಸಿರು ಮೆಟ್ರೊ ಹತ್ತಿ ಲಾಲ್‌ಬಾಗ್ ಅಥವಾ ಜಯನಗರದ ಕಡೆಗೆ ಇಳಿದು ಆಟೊ ಹಿಡಿಯಬಹುದು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದವರಿಗೆ ಆ ಅನುಕೂಲ ಇಲ್ಲ. ಕೈಕಾಲು ಸ್ವಾಧೀನ ತಪ್ಪಿದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ ಕಾರ್ಡು ಮಾಡಿಸಿಕೊಂಡರೆ ಬಸ್ ಪಾಸಿನಲ್ಲಿ ರಿಯಾಯಿತಿ ಸಿಗುತ್ತದೆ. ದೀರ್ಘಕಾಲದ ಮನೋರೋಗವೂ ಆ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೇರಿದೆ ಎಂಬುದು ಅನೇಕ ಕುಟುಂಬಗಳಿಗೆ ಗೊತ್ತಿಲ್ಲ.

ಉತ್ತರಕ್ಕೆ ಹತ್ತಿರದ ಬಾಗಿಲುಗಳೂ ಕೆಲವಿವೆ. ಪಾಟರಿ ರಸ್ತೆಯ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ 1964ರಲ್ಲಿ ಹುಟ್ಟಿದ್ದು, ಮನೋರೋಗದಿಂದ ಚೇತರಿಸಿಕೊಳ್ಳುವವರಿಗಾಗಿ ಹಾಫ್‌ವೇ ಹೋಮ್ ನಡೆಸಿದ ದೇಶದ ಮೊದಲಿಗರಲ್ಲಿ ಒಂದು. ಆರ್.ಟಿ. ನಗರದಿಂದ ಅದು ಹೆಚ್ಚು ದೂರವಲ್ಲ. ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಜನರ ಬಾಯಲ್ಲಿ ಎಪಿಡಿ, 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಸಂಸ್ಥೆ. ಸ್ವತಃ ಗಾಲಿಕುರ್ಚಿಯ ಮೇಲಿದ್ದೇ ಅವರು ಇದನ್ನು ಬೆಳೆಸಿದರು. ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಮತ್ತು ತೋಟಗಾರಿಕೆ ತರಬೇತಿಯಲ್ಲಿ ಅದರ ಅನುಭವ ದೊಡ್ಡದು. ಲೊಟ್ಟೆಗೊಲ್ಲಹಳ್ಳಿಯ ಬಂಜಾರಾ ಅಕಾಡೆಮಿ ಉಚಿತ ಆಪ್ತಸಮಾಲೋಚನೆಗೆ ಹೆಸರಾದದ್ದು. ಚಿತ್ರ ಬರೆಸುವ ಕೇಂದ್ರವಲ್ಲದಿದ್ದರೂ ಕಲಾ ಚಿಕಿತ್ಸಕರು ಎಲ್ಲಿದ್ದಾರೆ ಎಂದು ಕೇಳಲು ಒಳ್ಳೆಯ ಜಾಗ. ಬ್ಯಾಪ್ಟಿಸ್ಟ್ ಆಸ್ಪತ್ರೆಯ ಪ್ಯಾಲಿಯೇಟಿವ್ ತಂಡ ಮನೆಮನೆಗೆ ಹೋಗುವುದು ಈ ಭಾಗದ ಕ್ಯಾನ್ಸರ್ ಕುಟುಂಬಗಳಿಗೆ ಗೊತ್ತಿರುವ ಸಂಗತಿ. ದಕ್ಷಿಣದಲ್ಲಿ 1986ರಲ್ಲಿ ಹುಟ್ಟಿದ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯ ಹಾಫ್‌ವೇ ಹೋಮ್, ಡೇ ಕೇರ್ ಇದೆ. ಜೆ.ಪಿ. ನಗರದ ಸ್ನೇಹಧಾರಾ ಫೌಂಡೇಶನ್ ಕಲೆಯನ್ನೇ ಚಿಕಿತ್ಸೆಯ ಮಾಧ್ಯಮವಾಗಿಟ್ಟುಕೊಂಡ ಸಂಸ್ಥೆ, ಆದರೆ ಅವರ ಕೆಲಸ ಹೆಚ್ಚಾಗಿ ಅಂಗವೈಕಲ್ಯವಿರುವ ಮಕ್ಕಳು ಮತ್ತು ಯುವಜನರೊಂದಿಗೆ. ಎಲ್ಲಿಗೇ ಆಗಲಿ, ಹೊರಡುವ ಮುನ್ನ ಫೋನು ಮಾಡಿ ಯಾವ ದಿನ, ಯಾರಿಗೆ, ಎಷ್ಟು ಎಂದು ಕೇಳಿಕೊಂಡೇ ಹೋಗಬೇಕು. ದಾನದ ಮೇಲೆ ನಡೆಯುವ ಕಾರ್ಯಕ್ರಮಗಳು ವರ್ಷ ವರ್ಷ ಬದಲಾಗುತ್ತವೆ.

ಸರ್ಕಾರದ ಕಡೆಯಿಂದ ಎರಡು ಏರ್ಪಾಟುಗಳನ್ನು ಹೇಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮ 2014ರಿಂದ ರಾಜ್ಯದಲ್ಲಿದೆ. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಮಾನಸಧಾರಾ ಹಗಲು ಆರೈಕೆ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಎರಡರ ಕಲ್ಪನೆಯೂ ಒಳ್ಳೆಯದೇ. ಆದರೆ ಇಷ್ಟು ಜನವಸತಿಯ ಉತ್ತರ ಬೆಂಗಳೂರಿಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ, ವಯಸ್ಕರಿಗೆ, ಎಲ್ಲ ಬಗೆಯ ಕಾಯಿಲೆಯಿಂದ ಎದ್ದವರಿಗೆ ಒಂದು ಹಗಲು ಕೇಂದ್ರ ಬೇಕು. ಪಾರ್ಶ್ವವಾಯು ಆದವರು, ಹೃದಯ ಶಸ್ತ್ರಚಿಕಿತ್ಸೆ ಆದವರು ಮನೋರೋಗದ ಕೇಂದ್ರದ ಬಾಗಿಲಿಗೆ ಹೋಗಲು ಹಿಂಜರಿಯುತ್ತಾರೆ. ಅವರ ಖಿನ್ನತೆಗೆ ಯಾರ ಪಟ್ಟಿಯಲ್ಲೂ ಸ್ಥಾನವಿಲ್ಲ.

ಚಿಕಿತ್ಸಕರು ಯಾರು ಎಂಬ ಪ್ರಶ್ನೆಗೆ ಬರೋಣ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ, ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಕಲಾ ಚಿಕಿತ್ಸಕರಿಗೆ ಅಂಥ ಗಟ್ಟಿ ವ್ಯವಸ್ಥೆ ಇನ್ನೂ ನೆಲೆಗೊಂಡಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಕಲೆ, ನೃತ್ಯ, ಚಲನೆಯ ಚಿಕಿತ್ಸಕರ ಹೆಸರು ಬಂದಿರುವುದು ಒಳ್ಳೆಯ ಆರಂಭ. ಸದ್ಯಕ್ಕೆ ಪುಣೆಯ ವರ್ಲ್ಡ್ ಸೆಂಟರ್ ಫಾರ್ ಕ್ರಿಯೇಟಿವ್ ಲರ್ನಿಂಗ್ ಫೌಂಡೇಶನ್ನಿನಂಥ ಕಡೆ ತರಬೇತಿ ಪಡೆದವರೂ ಇದ್ದಾರೆ, ವಾರಾಂತ್ಯದ ಆನ್‌ಲೈನ್ ಕೋರ್ಸು ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಕೇಳಲು ಸಂಕೋಚ ಬೇಡ: ಎಲ್ಲಿ ಕಲಿತಿರಿ, ಎಷ್ಟು ತಿಂಗಳು, ಯಾರ ಮೇಲ್ವಿಚಾರಣೆಯಲ್ಲಿ, ನಮ್ಮವರ ಕಾಯಿಲೆಯವರೊಂದಿಗೆ ಕೆಲಸ ಮಾಡಿದ್ದೀರಾ, ಪರಿಸ್ಥಿತಿ ಬಿಗಡಾಯಿಸಿದರೆ ಯಾವ ವೈದ್ಯರಿಗೆ ಕಳಿಸುತ್ತೀರಿ. ಕೊನೆಯ ಪ್ರಶ್ನೆಗೆ ತಡವರಿಸುವವರಲ್ಲಿ ಹೋಗದಿರುವುದೇ ಲೇಸು. ಫೀಸನ್ನು ಆದಾಯಕ್ಕೆ ತಕ್ಕಂತೆ ಇಳಿಸುತ್ತೀರಾ ಎಂದೂ ಕೇಳಬೇಕು. ಬಾಯಿಬಿಟ್ಟು ಕೇಳಿದವರಿಗೆ ಇಳಿಸಿಕೊಡುವ ಚಿಕಿತ್ಸಕರು ಈ ಊರಿನಲ್ಲಿ ಇದ್ದಾರೆ.

ಇನ್ನೊಂದು ತಡೆ ಭಾಷೆಯದು, ಅದಕ್ಕೆ ಅಂಟಿಕೊಂಡದ್ದು ವಸ್ತುಗಳದು. ಖಾಸಗಿ ಕಲಾ ಚಿಕಿತ್ಸೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಕ್ರಿಲಿಕ್, ಕ್ಯಾನ್ವಾಸ್, ಮಂಡಲ, ವಿಷನ್ ಬೋರ್ಡ್. ರೈಲ್ವೆ ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಯಲಹಂಕದ ಹಿರಿಯರನ್ನೋ, ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತವರನ್ನೋ ಇದರ ಮುಂದೆ ಕೂರಿಸಿದರೆ ನನಗೆ ಚಿತ್ರ ಬರೋದಿಲ್ಲಮ್ಮ ಎಂದು ಎದ್ದುಹೋಗುತ್ತಾರೆ. ಅವರ ಕೈಗೆ ಬರುವುದು ಬೇರೆ ಇದೆ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳಲ್ಲಿ ಬದುಕು ಸವೆಸಿದವರಿಗೆ ಸ್ಕೇಲು, ಕೈವಾರ, ಡಿವೈಡರ್ ಕೊಟ್ಟರೆ ಬೆರಳುಗಳು ತಾವಾಗಿ ಕೆಲಸಕ್ಕೆ ತೊಡಗುತ್ತವೆ. ಜಾಲಹಳ್ಳಿ ಸುತ್ತಿನ ಎಷ್ಟೋ ಮನೆಗಳಲ್ಲಿ ಅಂಥ ಕೈಗಳು ಈಗ ಸುಮ್ಮನೆ ಕುಳಿತಿವೆ.

ಹೆಂಗಸರ ಮಟ್ಟಿಗೆ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಚುಕ್ಕಿ ಇಡುವಾಗ ಎಣಿಕೆ ಬೇಕು, ಸಾಲು ನೆನಪಿರಬೇಕು, ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಹದವಾಗಿ ಇಳಿಯಬೇಕು. ಪಾರ್ಶ್ವವಾಯು ಆದವರಿಗೆ ಆಕ್ಯುಪೇಷನಲ್ ಥೆರಪಿಸ್ಟರು ಮತ್ತೆ ಕಲಿಸುವ ಚಿವುಟು ಹಿಡಿತವೇ ಅದು. ಅದಕ್ಕಿಂತ ಮುಖ್ಯವಾಗಿ, ರಂಗೋಲಿಯ ಎಡ ಬಲ ಎರಡೂ ಹೊಂದಬೇಕು. ಎಡಬದಿಯನ್ನೇ ಮರೆತ ಮಿದುಳಿಗೆ ಬಿಟ್ಟುಹೋದದ್ದನ್ನು ರಂಗೋಲಿ ತಾನೇ ತೋರಿಸಿಕೊಡುತ್ತದೆ, ಯಾರೂ ತಿದ್ದಬೇಕಿಲ್ಲ. ನೆಲಕ್ಕೆ ಬಗ್ಗಲಾಗದವರು ಕಪ್ಪು ಹಲಗೆಯನ್ನು ಮೇಜಿನ ಮೇಲಿಟ್ಟು ಬಿಡಿಸಬಹುದು. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಕೌದಿ ಇದೆ. ಹಳೆಯ ಸೀರೆಗಳ ತುಂಡು ಆರಿಸುವುದು, ಬಣ್ಣ ಹೊಂದಿಸುವುದು, ಇದು ಅವ್ವನದು ಇದು ತಂಗಿಯ ಮದುವೆಯದು ಎನ್ನುವುದು, ಎಲ್ಲವೂ ಚಿಕಿತ್ಸೆಯೊಳಗಿನ ಮಾತೇ. ಕಸೂತಿಗೆ ಕಣ್ಣು ಸಾಲದವರಿಗೂ ಕೌದಿಯ ಉದ್ದ ಹೊಲಿಗೆ ಸಾಧ್ಯ. ಆದರೆ ಕೀಮೊಥೆರಪಿ ನಡೆಯುತ್ತಿದ್ದು ಪ್ಲೇಟ್‌ಲೆಟ್ ಇಳಿದಿದ್ದರೆ ಸೂಜಿ ಬೇಡ. ಬಿಳಿರಕ್ತಕಣ ಕಡಿಮೆ ಇರುವವರಿಗೆ ಹಸಿ ಮಣ್ಣಿನ ಕೆಲಸವೂ ಬೇಡ. ಟರ್ಪೆಂಟೈನಿನ ವಾಸನೆ ಕಾಯಿಲೆಯ ಮನೆಗೆ ಯಾವಾಗಲೂ ಬೇಡ. ಆಸ್ತಮಾ, ಶ್ವಾಸಕೋಶದ ತೊಂದರೆ ಇದ್ದವರು ರಂಗೋಲಿ ಪುಡಿಯ ಬದಲು ಸೀಮೆಸುಣ್ಣ ಬಳಸಲಿ. ಮನೋರೋಗದ ತೀವ್ರ ಹಂತದಿಂದ ಆಗಷ್ಟೇ ಹೊರಬಂದವರಿಗೆ ಮನಸ್ಸಿಗೆ ಬಂದದ್ದು ಬರೆಯಿರಿ ಎಂದು ಖಾಲಿ ಹಾಳೆ ಕೊಡುವುದಕ್ಕಿಂತ ಚುಕ್ಕಿ, ಚೌಕ, ನಕಲು ಮಾಡುವ ನಮೂನೆ ಹೆಚ್ಚು ಸುರಕ್ಷಿತ. ಆರ್.ಟಿ. ನಗರ, ಕಾವಲ್ ಬೈರಸಂದ್ರದಲ್ಲಿ ಉರ್ದು, ತಮಿಳು, ತೆಲುಗು ಮನೆಮಾತಿನವರೂ ಬಹಳ. ಅವರಿಗೂ ಅವರವರ ಮೆಹಂದಿ, ಕೋಲಂ, ಮುಗ್ಗು ಇವೆ.

ಮನೆಯಲ್ಲೇ ಶುರುಮಾಡುವವರಿಗೆ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆಯಿಲ್ ಪೇಸ್ಟಲ್ ಡಬ್ಬಿ, ಹಾಳೆ, ಟೇಪು ಸೇರಿ ಇನ್ನೂರು ರೂಪಾಯಿ ಮುಟ್ಟುವುದಿಲ್ಲ. ಮನೆಯವರು ಮಾಡಬಾರದ್ದು ಮುಖ್ಯ. ತಿದ್ದಬೇಡಿ. ಎಷ್ಟು ಚೆನ್ನಾಗಿದೆ ಎಂದು ಮಕ್ಕಳಿಗೆ ಹೇಳುವಂತೆ ಹೊಗಳಲೂ ಬೇಡಿ, ಐವತ್ತು ದಾಟಿದವರಿಗೆ ಅದು ನೋವಾಗುತ್ತದೆ. ಕೇಳದೆ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ದಿನಾ ಒಂದೇ ಹೊತ್ತಿಗೆ, ಇಪ್ಪತ್ತು ನಿಮಿಷ, ಪಕ್ಕದಲ್ಲಿ ನೀವೂ ಒಂದು ಹಾಳೆ ಹಿಡಿದು ಕೂತರೆ ಸಾಕು. ಇದು ಚಿಕಿತ್ಸೆ ಅಲ್ಲ, ಚಿಕಿತ್ಸೆ ಸಿಗುವವರೆಗಿನ ಆಸರೆ. ನಿದ್ದೆ ಪೂರ್ತಿ ಕೆಟ್ಟರೆ, ಮಾತ್ರೆ ನಿಲ್ಲಿಸಿದರೆ, ಸಾವಿನ ಮಾತು ಬಂದರೆ ಹಾಳೆ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಹಗಲು ರಾತ್ರಿ ಯಾವಾಗಲಾದರೂ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. 2022ರ ಅಕ್ಟೋಬರ್‌ನಿಂದ ಈ ಸೇವೆ ಇದೆ.

ಚಿಕಿತ್ಸೆಯನ್ನೇ ಹತ್ತಿರಕ್ಕೆ ತರುವ ದಾರಿ ಗುಂಪು. ಒಬ್ಬ ಚಿಕಿತ್ಸಕಿಗೆ ಎರಡು ತಾಸಿಗೆ 3,000, ಸಹಾಯಕರಿಗೆ 500, ಸಾಮಾನಿಗೆ 500 ಎಂದಿಟ್ಟುಕೊಳ್ಳಿ. ಎಂಟು ಜನ ಕೂಡಿದರೆ ತಲೆಗೆ 500 ರೂಪಾಯಿ. ಅರ್ಧವನ್ನು ಆಸ್ಪತ್ರೆಯ ಸಾಮಾಜಿಕ ನಿಧಿಯೋ ಬಡಾವಣೆಯ ಸಂಘವೋ ಹೊತ್ತರೆ 250. ಫಿಸಿಯೊಥೆರಪಿಯ ಒಂದು ಸಲದ ಶುಲ್ಕವೂ ಅದಕ್ಕಿಂತ ಕಡಿಮೆ ಇರುವುದು ಕಷ್ಟ. ಜಾಗಕ್ಕೆ ಬಾಡಿಗೆ ಬೇಕಿಲ್ಲ. ವಾರ್ಡು ಕಚೇರಿ, ಗ್ರಂಥಾಲಯ, ದೇವಸ್ಥಾನದ ಛತ್ರ, ಚರ್ಚಿನ ಹಾಲು ಮಧ್ಯಾಹ್ನ ಖಾಲಿ ಇರುತ್ತವೆ. ಯಲಹಂಕದ ಉಪನಗರದಲ್ಲಿ 1996ರಿಂದ ಸೃಷ್ಟಿ ಕಲೆ ವಿನ್ಯಾಸ ಸಂಸ್ಥೆ ಇದೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಇದೆ. ಚಿಕಿತ್ಸಕರ ಕೈಕೆಳಗೆ ಸಹಾಯಕರಾಗಿ ನಿಲ್ಲಬಲ್ಲ ವಿದ್ಯಾರ್ಥಿಗಳಿಗೆ ಇಲ್ಲಿ ಕೊರತೆಯಿಲ್ಲ. 2025ರಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ, ಬೆಂಗಳೂರು ಉತ್ತರಕ್ಕೆ ತನ್ನದೇ ನಗರ ಪಾಲಿಕೆ ಬಂದಿದೆ. ಆ ಪಾಲಿಕೆ ತನ್ನ ಸಭಾಂಗಣಗಳಲ್ಲಿ ನಾಲ್ಕನ್ನು ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಟ್ಟು, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಂದ ರೋಗಿಗಳ ಹೆಸರು ಪಡೆದು, ನಾಲ್ವರು ಚಿಕಿತ್ಸಕರಿಗೆ ಗೌರವಧನ ಕೊಟ್ಟರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ನಾಲ್ಕಕ್ಕೂ ಒಂದೊಂದು ಗುಂಪಾಗುತ್ತದೆ. ವರ್ಷದ ಖರ್ಚು, ಮೇಲಿನ ಲೆಕ್ಕದಲ್ಲೇ, ನಾಲ್ಕಕ್ಕೂ ಸೇರಿ ಎಂಟೂವರೆ ಲಕ್ಷದ ಆಸುಪಾಸು. ಒಂದು ರಸ್ತೆಯ ಫುಟ್‌ಪಾತ್ ರಿಪೇರಿಗೂ ಇದಕ್ಕಿಂತ ಹೆಚ್ಚು ಬೇಕು.

ಅದು ಆಗುವವರೆಗೆ ಮನೆಯವರು ಮಾಡಬಹುದಾದದ್ದು ಡಿಸ್ಚಾರ್ಜ್ ದಿನವೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಸೆಕ್ಷನ್ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಬಿಡುಗಡೆಯಾಗುವವರ ಮುಂದಿನ ಚಿಕಿತ್ಸೆ, ಸೇವೆಗಳ ಯೋಜನೆಯನ್ನು ರೋಗಿ ಮತ್ತು ಅವರ ಕಡೆಯವರೊಂದಿಗೆ ಚರ್ಚಿಸಿ ರೂಪಿಸುವುದು ಮನೋವೈದ್ಯರ ಹೊಣೆ. ಅದನ್ನು ಹಕ್ಕಿನಿಂದ ಕೇಳಬಹುದು. ಬೇರೆ ವಾರ್ಡುಗಳಿಂದ ಬರುವವರಿಗೆ ಇಂಥ ಕಾನೂನಿಲ್ಲ, ಆದರೆ ಬಿಲ್ಲು ಕಟ್ಟುವ ಮುನ್ನ ಡ್ಯೂಟಿ ಡಾಕ್ಟರ ಹತ್ತಿರ ಎರಡು ಸಾಲು ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ: ಆಕ್ಯುಪೇಷನಲ್ ಥೆರಪಿಗೆ ಮತ್ತು ಮನೋಸಾಮಾಜಿಕ ಪುನರ್ವಸತಿಗೆ ಶಿಫಾರಸು, ಯಾವ ಕೈ ಎಷ್ಟು ಸೋತಿದೆ, ಸೂಜಿ, ಮಣ್ಣು, ಧೂಳು ಇವುಗಳಲ್ಲಿ ಯಾವುದು ಕೂಡದು. ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಇದ್ದಾರೆಯೇ ಎಂದು ವಿಚಾರಿಸಿ ಅವರ ನಂಬರು ತೆಗೆದುಕೊಳ್ಳಿ. ಆ ಚೀಟಿ ಹಿಡಿದು ಹೋದರೆ ಮೇಲೆ ಹೇಳಿದ ಯಾವ ಬಾಗಿಲಿನಲ್ಲೂ ಕಥೆಯನ್ನು ಮೊದಲಿನಿಂದ ಹೇಳಬೇಕಾಗುವುದಿಲ್ಲ. ಚಿಕಿತ್ಸಕಿಗೂ ಮೊದಲ ದಿನವೇ ಹಾಳೆಯ ಯಾವ ಅಂಚಿಗೆ ಕೆಂಪು ಗೆರೆ ಎಳೆಯಬೇಕು ಎಂಬುದು ತಿಳಿದಿರುತ್ತದೆ.